ಓಪನ್ ರ‍್ಯಾನ್, ಸೆಂಟ್ರಲೈಸ್ಡ್ ರ‍್ಯಾನ್: ಹೋಲಿಕೆ ಟೇಬಲ್ ತುಂಬುತ್ತಿಲ್ಲ, ದಾರಿ ತೋರಿಸಿ

ಕಲ್ಪತರು_ಇಸಿ

ನಮಸ್ಕಾರ. ತುಮಕೂರಿನಲ್ಲಿ ಇಸಿ ಏಳನೇ ಸೆಮ್ ಓದುತ್ತಿದ್ದೇನೆ. ಟೆಕ್ನಿಕಲ್ ಸೆಮಿನಾರ್‌ಗೆ ‘ಓಪನ್ ರ‍್ಯಾನ್ ವರ್ಸಸ್ ಸೆಂಟ್ರಲೈಸ್ಡ್ ರ‍್ಯಾನ್’ ತೆಗೆದುಕೊಂಡಿದ್ದೇನೆ. ರ‍್ಯಾನ್ ಅಂದರೆ ಫೋನ್ ಅನ್ನು ಮೊಬೈಲ್ ಜಾಲಕ್ಕೆ ಜೋಡಿಸುವ ರೇಡಿಯೊ ಭಾಗ. ಎಡಗಡೆ ಒಂದು, ಬಲಗಡೆ ಇನ್ನೊಂದು ಇಟ್ಟು ಟೇಬಲ್ ಹಾಕು ಅಂದಿದ್ದಾರೆ ಗೈಡ್. ಎರಡು ದಿನ ಕೂತರೂ ಟೇಬಲ್ ತುಂಬುತ್ತಿಲ್ಲ.

ಸಿ-ರ‍್ಯಾನ್‌ನಲ್ಲಿ ಬೇಸ್‌ಬ್ಯಾಂಡ್ (ಸಿಗ್ನಲ್ ಸಂಸ್ಕರಿಸುವ ಘಟಕ) ಎಲ್ಲ ಒಂದೇ ಕಡೆ ಇರುತ್ತದೆ ಅಂತ ಓದಿದೆ. ಹಾಗಾದರೆ ಓಪನ್ ರ‍್ಯಾನ್‌ನಲ್ಲಿ ಅದು ಟವರ್ ಬುಡದಲ್ಲೇ ಇರಬೇಕಾ? ಜಪಾನಿನ ರಾಕುಟೆನ್ ಮೊಬೈಲ್ ಬಗ್ಗೆ ಓದಿದರೆ ಓಪನ್ ಅಂತಾನೂ ಇದೆ, ಬೇಸ್‌ಬ್ಯಾಂಡ್ ಒಂದೆಡೆ ಸೇರಿಸಿದ್ದಾರೆ ಅಂತಾನೂ ಇದೆ. ಇನ್ನೊಂದು ಪ್ರಶ್ನೆ: ರೇಡಿಯೊ, ಬೇಸ್‌ಬ್ಯಾಂಡ್ ನಡುವಿನ ಹಳೆಯ ಇಂಟರ್‌ಫೇಸ್ ಸಿಪಿಆರ್‌ಐ ಚೆನ್ನಾಗಿ ನಡೀತಾ ಇದ್ದಾಗ ಓಪನ್ ರ‍್ಯಾನ್‌ನ ‘7.2ಎಕ್ಸ್’ ಇಂಟರ್‌ಫೇಸ್ ಯಾಕೆ ಬೇಕಾಯಿತು? ಶುಕ್ರವಾರ ಸೆಮಿನಾರ್.

ಸುಮಾ_ಫ್ರಂಟ್‌ಹಾಲ್

ಟೇಬಲ್ ತುಂಬದೇ ಇರುವುದಕ್ಕೆ ಕಾರಣ ಇದೆ. ಸೆಂಟ್ರಲೈಸ್ಡ್ ಅನ್ನುವುದು ಬೇಸ್‌ಬ್ಯಾಂಡ್ ಪೆಟ್ಟಿಗೆ ಎಲ್ಲಿ ಇಡಬೇಕು ಅನ್ನೋ ವಿಷಯ. ಓಪನ್ ಅನ್ನುವುದು ಆ ಪೆಟ್ಟಿಗೆಗೆ ಯಾರ ರೇಡಿಯೊ ಬೇಕಾದರೂ ಜೋಡಿಸಬಹುದಾ ಅನ್ನೋ ವಿಷಯ. ನಿಮ್ಮ ಮನೆ ತುಮಕೂರಿನಲ್ಲಿದೆಯಾ, ಬಾಗಿಲು ತೆರೆದಿದೆಯಾ ಅಂತ ಕೇಳಿದ ಹಾಗೆ. ಎರಡಕ್ಕೂ ಹೌದು ಅನ್ನಬಹುದು ಅಲ್ವಾ? ಇತಿಹಾಸ ನೋಡಿದರೂ ಅಷ್ಟೇ. ಓ-ರ‍್ಯಾನ್ ಅಲಯನ್ಸ್ (ಓಪನ್ ರ‍್ಯಾನ್ ಸ್ಟಾಂಡರ್ಡ್ ಬರೆಯುವ ಕೂಟ) 2018ರಲ್ಲಿ ಹುಟ್ಟಿದ್ದು ಸಿ-ರ‍್ಯಾನ್ ಅಲಯನ್ಸ್ ಮತ್ತು ಎಕ್ಸ್‌ರ‍್ಯಾನ್ ಫೋರಂ ಎರಡೂ ಸೇರಿ.

ಸಿ-ರ‍್ಯಾನ್ ಯೋಚನೆಯನ್ನು ಮುಂದೆ ತಂದಿದ್ದು ಚೈನಾ ಮೊಬೈಲ್. ಅವರ 2011ರ ಶ್ವೇತಪತ್ರದ ಹೆಸರಲ್ಲೇ ‘ಗ್ರೀನ್ ರ‍್ಯಾನ್’ ಅಂತ ಇದೆ. ಪ್ರತಿ ಟವರ್‌ಗೂ ಒಂದು ಎಸಿ ರೂಮ್ ಸಾಕುವ ಕರೆಂಟ್ ಬಿಲ್ ಅವರ ದೊಡ್ಡ ಚಿಂತೆ. ಬೇಸ್‌ಬ್ಯಾಂಡ್‌ಗಳನ್ನು ಒಂದೇ ಕಟ್ಟಡಕ್ಕೆ ತಂದರೆ ಆ ಖರ್ಚು ಉಳಿಯುತ್ತದೆ. ಹಗಲು ಆಫೀಸ್ ಏರಿಯಾ, ರಾತ್ರಿ ಮನೆಗಳ ಏರಿಯಾ, ಎರಡಕ್ಕೂ ಅದೇ ಯಂತ್ರ ದುಡಿಸಬಹುದು.

ಈಗ ಸಿಪಿಆರ್‌ಐ. ಈ ಲೆಕ್ಕವನ್ನು ಬೋರ್ಡ್ ಮೇಲೆ ಮಾಡಿ ತೋರಿಸಿ. 20 ಮೆಗಾಹರ್ಟ್ಸ್ ಎಲ್‌ಟಿಇಗೆ (4ಜಿ) ಸೆಕೆಂಡಿಗೆ 3.072 ಕೋಟಿ ಸ್ಯಾಂಪಲ್. ಒಂದೊಂದಕ್ಕೂ ಐ, ಕ್ಯೂ ಅಂತ ಎರಡು ಭಾಗ: ಐ 15 ಬಿಟ್, ಕ್ಯೂ 15 ಬಿಟ್, ಒಟ್ಟು 30. ಗುಣಿಸಿದರೆ 921.6 ಮೆಗಾಬಿಟ್. ಕಂಟ್ರೋಲ್ ವರ್ಡ್‌ಗೆ 16/15, ಲೈನ್ ಕೋಡಿಂಗ್‌ಗೆ 10/8 ಹಾಕಿದರೆ 1228.8. ಇದು ಒಂದೇ ಆಂಟೆನಾಗೆ. ಎರಡು ಆಂಟೆನಾಗೆ 2457.6 ಮೆಗಾಬಿಟ್. ಆದರೆ ಅದೇ ಎರಡು ಆಂಟೆನಾ, 64 ಕ್ವಾಮ್‌ನಲ್ಲಿ ಫೋನ್‌ಗಳಿಗೆ ಒಟ್ಟು ಸಿಗೋದು ಸುಮಾರು 150 ಮೆಗಾಬಿಟ್! ರಾತ್ರಿ 3 ಗಂಟೆಗೆ ಒಬ್ಬರೂ ಫೋನ್ ಹಿಡಿಯದಿದ್ದರೂ ಫೈಬರ್ ಮೇಲೆ ಅಷ್ಟೂ ಹರಿಯುತ್ತಲೇ ಇರುತ್ತದೆ. 5ಜಿಯ 100 ಮೆಗಾಹರ್ಟ್ಸ್, 64 ಆಂಟೆನಾಗೆ ಇದೇ ಲೆಕ್ಕ ಹಾಕಿ. ಓವರ್‌ಹೆಡ್ ಬಿಟ್ಟೇ ಸುಮಾರು 236 ಗಿಗಾಬಿಟ್ ಬರುತ್ತದೆ. ಅದನ್ನು ಎಳೆಯೋದು ಯಾರು?

7.2ಎಕ್ಸ್‌ನಲ್ಲಿ ಎಫ್‌ಎಫ್‌ಟಿ (ಸಿಗ್ನಲ್ ಅನ್ನು ಸಬ್‌ಕ್ಯಾರಿಯರ್ ಅನ್ನೋ ಸಣ್ಣ ಫ್ರೀಕ್ವೆನ್ಸಿಗಳಾಗಿ ಬಿಡಿಸುವ) ಕೆಲಸ ರೇಡಿಯೊದಲ್ಲೇ ಮುಗಿಯುತ್ತದೆ. ಮೇಲಿನ ಎಲ್‌ಟಿಇ ಉದಾಹರಣೆಯಲ್ಲಿ 2048ರ ಬದಲು ಬಳಕೆಯಲ್ಲಿರುವ 1200 ಸಬ್‌ಕ್ಯಾರಿಯರ್ ಮಾತ್ರ ಸಾಗುತ್ತವೆ. ಖಾಲಿ ಬ್ಲಾಕ್‌ಗಳನ್ನು ಕಳಿಸಬೇಕಾಗಿಲ್ಲ. ಆಂಟೆನಾ ಎಣಿಕೆ ಹೋಗಿ ಲೇಯರ್ (ಒಟ್ಟಿಗೆ ಸಾಗುವ ಡೇಟಾ ಧಾರೆ) ಎಣಿಕೆ ಬರುತ್ತದೆ. ಹಾಗಾಗಿ ಮಾಮೂಲಿ 25 ಗಿಗಾಬಿಟ್ ಈಥರ್ನೆಟ್ ಪೋರ್ಟ್‌ಗಳಲ್ಲಿ ಕೆಲಸ ಆಗುತ್ತದೆ.

ಓಪನ್ ವಿಷಯಕ್ಕೆ ಬರುತ್ತೇನೆ. ಸಿಪಿಆರ್‌ಐ ದಾಖಲೆ ಎಲ್ಲರಿಗೂ ಸಿಗುತ್ತದೆ, ಆದರೆ ಅದರಲ್ಲಿ ತುಂಬಾ ಭಾಗವನ್ನು ಕಂಪನಿಗಳ ಇಷ್ಟಕ್ಕೆ ಬಿಟ್ಟಿದ್ದಾರೆ. ಒಬ್ಬರ ರೇಡಿಯೊ ಇನ್ನೊಬ್ಬರ ಬೇಸ್‌ಬ್ಯಾಂಡ್ ಜೊತೆ ಮಾತಾಡುತ್ತಿರಲಿಲ್ಲ. ಓ-ರ‍್ಯಾನ್ ಆ ಸಂದುಗಳನ್ನು ಮುಚ್ಚಲು ಹೊರಟಿದೆ. ಪೂರ್ತಿ ಮುಚ್ಚಿಲ್ಲ, ಇದನ್ನು ನಾನು ಕೈಯಾರೆ ಅನುಭವಿಸಿದ್ದೇನೆ. ಬೆಂಗಳೂರಿನ ಲ್ಯಾಬ್ ಒಂದರಲ್ಲಿ ಒಂದು ಕಂಪನಿಯ ರೇಡಿಯೊ, ಇನ್ನೊಂದರ ಡಿಯು (ಬೇಸ್‌ಬ್ಯಾಂಡ್‌ನಲ್ಲಿ ರೇಡಿಯೊಗೆ ಹತ್ತಿರದ ಭಾಗ) ಜೋಡಿಸಿದ್ದೆವು. ಸೆಲ್ ಎದ್ದಿತು, ಫೋನ್‌ಗೆ ಸಿಗ್ನಲ್ ಕಡ್ಡಿ ಬಂತು, ಆದರೆ ಫೋನ್ ಅಟ್ಯಾಚ್ ಆಗಲಿಲ್ಲ. ಮೂರು ವಾರ ಹುಡುಕಿದೆವು. ಎರಡೂ ಕಡೆಯವರು ‘ನಮ್ಮದು ಸ್ಟಾಂಡರ್ಡ್ ಪ್ರಕಾರವೇ ಇದೆ’ ಅಂತಿದ್ದರು. ಕೊನೆಗೆ ಪ್ಯಾಕೆಟ್ ಹಿಡಿದು ಒಂದೊಂದು ಬಿಟ್ ಎಣಿಸಿದಾಗ ಸಿಕ್ಕಿತು. ಪ್ರಾಕ್‌ಗೆ, ಅಂದರೆ ಫೋನ್ ಮೊದಲು ಕೂಗುವ ಚಾನೆಲ್‌ಗೆ, ಹೋಗುವ ಸೆಕ್ಷನ್ ಟೈಪ್ 3 ಸಂದೇಶದಲ್ಲಿ ಫ್ರೀಕ್ವೆನ್ಸಿ ಆಫ್‌ಸೆಟ್ ಅನ್ನು ಇಬ್ಬರೂ ಬೇರೆ ಬೇರೆ ರೀತಿ ಓದುತ್ತಿದ್ದರು. ಫೋನ್ ಕೂಗುತ್ತಿತ್ತು, ರೇಡಿಯೊ ಬೇರೆ ಕಡೆ ಕಿವಿ ಇಟ್ಟಿತ್ತು. ಒಂದೇ ಕಂಪನಿಯ ಪೆಟ್ಟಿಗೆಗಳಾಗಿದ್ದರೆ ಈ ಮೂರು ವಾರ ಅವರ ಮನೆಯೊಳಗೇ ಕಳೆದಿರುತ್ತಿತ್ತು. ಈಗ ಅದು ಕೊಂಡವರ ಲೆಕ್ಕಕ್ಕೆ ಬರುತ್ತದೆ. ಆದರೂ ನಾನು ಓಪನ್ ಪರವೇ. ಆ ಬಿಟ್ ನನಗೆ ಕಂಡಿದ್ದೇ ಇಂಟರ್‌ಫೇಸ್ ತೆರೆದಿದ್ದರಿಂದ.

ರಾಕುಟೆನ್ ಬಗ್ಗೆ ನೀವು ಓದಿದ್ದು ಎರಡೂ ಸರಿ. 2020ರ ಏಪ್ರಿಲ್‌ನಲ್ಲಿ ಸೇವೆ ಶುರುವಾದಾಗ 4ಜಿ ರೇಡಿಯೊ ನೋಕಿಯಾದು, ಸಾಫ್ಟ್‌ವೇರ್ ಆಲ್ಟಿಯೋಸ್ಟಾರ್‌ದು. ಬೇಸ್‌ಬ್ಯಾಂಡ್ ಕೆಲಸ ಟವರ್‌ನಿಂದ ದೂರದ ಕಟ್ಟಡಗಳಲ್ಲಿ, ಸಾಮಾನ್ಯ ಸರ್ವರ್‌ಗಳ ಮೇಲೆ.

ಕೊಪ್ಪ_ಸೈಟ್

ಸುಮಾ ಮೇಡಂ ಲೆಕ್ಕ ಸರಿಯಾಗಿದೆ. ನಾನು ಕೊಪ್ಪ, ಶೃಂಗೇರಿ ಕಡೆ ಹನ್ನೊಂದು ವರ್ಷ ಸೈಟ್ ನೋಡಿಕೊಂಡವನು. ತಮ್ಮಾ, ಟೇಬಲ್‌ಗೆ ಮೊದಲು ಫೈಬರ್ ಇದೆಯಾ ಅಂತ ಒಂದು ಸಾಲು ಹಾಕು. ನಮ್ಮಲ್ಲಿ ಗುಡ್ಡದ ಮೇಲಿನ ಎಷ್ಟೋ ಸೈಟ್‌ಗೆ ಮೈಕ್ರೋವೇವ್ ಲಿಂಕೇ ಗತಿ. ಕೆಲವು ನೂರು ಮೆಗಾಬಿಟ್ ಸಿಕ್ಕರೆ ಹೆಚ್ಚು. ಅದರಲ್ಲಿ ಎರಡೂವರೆ ಗಿಗಾಬಿಟ್ ಸಿಪಿಆರ್‌ಐ ಎಲ್ಲಿಂದ ತರೋದು? ಬೇಸ್‌ಬ್ಯಾಂಡ್ ಬುಡದಲ್ಲೇ ಇರಬೇಕು.

ಫೈಬರ್ ಇದ್ದ ಕಡೆ ಇನ್ನೊಂದು ಭಯ. ರಸ್ತೆ ಅಗಲ ಮಾಡುವ ಜೆಸಿಬಿ ಒಂದು ಸಲ ಹಲ್ಲು ಊರಿದರೆ ಆ ಹಬ್‌ಗೆ ಕಟ್ಟಿದ ಸೈಟ್‌ಗಳೆಲ್ಲ ಒಟ್ಟಿಗೆ ಡೌನ್. ಆಷಾಢದ ಮಳೆಯಲ್ಲಿ ಸ್ಪ್ಲೈಸಿಂಗ್ (ಕಡಿದ ಫೈಬರ್ ಬೆಸೆಯುವುದು) ಮಾಡಲು ಟಾರ್ಪಾಲ್ ಹಿಡಿದು ನಿಂತಿದ್ದೇನೆ. ರಿಂಗ್ (ಒಂದು ಕಡೆ ಕಡಿದರೂ ಇನ್ನೊಂದು ಕಡೆಯಿಂದ ಸಾಗುವ ಫೈಬರ್ ಸುತ್ತು) ಇಲ್ಲದೆ ಸೆಂಟ್ರಲೈಸ್ ಮಾಡಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಕಲ್ಪತರು_ಇಸಿ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಎರಡು ಕಾಲಂ ಬಿಟ್ಟು ನಾಲ್ಕು ಖಾನೆ ಹಾಕುತ್ತೇನೆ ಅಂದೆ, ಗೈಡ್ ಒಪ್ಪಿದರು. ಟವರ್ ಬುಡದಲ್ಲಿ, ಓಪನ್ ಅಲ್ಲ: ಕೊಪ್ಪದ ಸೈಟ್. ಒಂದೆಡೆ, ಓಪನ್ ಅಲ್ಲ: ಮೊದಲಿನ ಸಿ-ರ‍್ಯಾನ್. ಒಂದೆಡೆ, ಓಪನ್: ರಾಕುಟೆನ್. ಟವರ್ ಬುಡದಲ್ಲೂ ಇದ್ದು ಓಪನ್ ಆಗಿರುವ ಖಾನೆ ಖಾಲಿ ಉಳಿದಿದೆ. ಅದು ಸಾಧ್ಯವಾ?

ಸುಮಾ_ಫ್ರಂಟ್‌ಹಾಲ್

ಸಾಧ್ಯ. ಡಿಯು ಸರ್ವರ್ ಅನ್ನು ಟವರ್ ಬುಡದಲ್ಲೇ ಇಡಿ, ರೇಡಿಯೊ ಜೊತೆ 7.2ಎಕ್ಸ್ ಅಲ್ಲೇ ಮುಗಿಯಲಿ. ಸಿಯು (ಬೇಸ್‌ಬ್ಯಾಂಡ್‌ನ ಉಳಿದ ಮೇಲಿನ ಭಾಗ) ಮಾತ್ರ ದೂರದ ಊರಿನಲ್ಲಿ. ನಡುವೆ ಎಫ್1 ಇಂಟರ್‌ಫೇಸ್. ಫ್ರಂಟ್‌ಹಾಲ್‌ಗೆ (ರೇಡಿಯೊ, ಡಿಯು ನಡುವಿನ ಕೊಂಡಿ) ಕಿಲೋಮೀಟರ್‌ಗೆ 5 ಮೈಕ್ರೋಸೆಕೆಂಡ್ ಲೆಕ್ಕ ಇಟ್ಟು ಸಾಮಾನ್ಯವಾಗಿ 20 ಕಿ.ಮೀ. ಒಳಗೇ ನಿಲ್ಲಬೇಕು. ಎಫ್1 ಕೆಲವು ಮಿಲಿಸೆಕೆಂಡ್ ತಡವಾದರೂ ತಡೆಯುತ್ತದೆ. ಅದರಲ್ಲಿ ಹರಿಯೋದು ಹೆಚ್ಚುಕಡಿಮೆ ಜನ ಬಳಸುವಷ್ಟೇ ಡೇಟಾ, ಹಾಗಾಗಿ ಮೈಕ್ರೋವೇವ್ ಮೇಲೂ ಹೋಗುತ್ತದೆ. ಕೊಪ್ಪದ ಗುಡ್ಡಕ್ಕೆ ಓಪನ್ ರ‍್ಯಾನ್ ಬರೋದಾದರೆ ಇದೇ ರೂಪದಲ್ಲಿ ಬರಬೇಕು.

ಕೊಪ್ಪ_ಸೈಟ್

ಆ ಸರ್ವರ್ ಮಳೆಗಾಲದಲ್ಲಿ ಎಸಿ ಇಲ್ಲದೆ, ಬ್ಯಾಟರಿ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ ಅಂತಲೂ ಸೆಮಿನಾರ್‌ನಲ್ಲಿ ಒಂದು ಮಾತು ಹೇಳು ತಮ್ಮಾ. ನಾನು ಮೊದಲು ಕೇಳೋದು ಅದನ್ನೇ.