ಓದುಗರ ಸ್ಪಂದನ: ಮೂರೇ ದಿನಕ್ಕೆ ‘ಸ್ವೀಕೃತ’ವಾದ ಲೇಖನ

ಕಳೆದ ಸಂಚಿಕೆಯ ಪ್ರಶ್ನೆ: ನನ್ನ ಪಿಎಚ್.ಡಿ. ಲೇಖನವನ್ನು ಜರ್ನಲ್ ಒಂದಕ್ಕೆ ಕಳಿಸಿದ ಮೂರೇ ದಿನದಲ್ಲಿ ಸ್ವೀಕೃತವಾಗಿದೆ ಎಂಬ ಮೇಲ್ ಬಂತು. ಈಗ ಪ್ರಕಟಣಾ ಶುಲ್ಕ ಕೇಳುತ್ತಿದ್ದಾರೆ. ಬೇಡವೆಂದರೆ ‘ಹಿಂಪಡೆಯುವ ಶುಲ್ಕ’ ಕಟ್ಟಿ ಎನ್ನುತ್ತಾರೆ. ಇದರ ನಡುವೆ ವಿಭಾಗದ ಮುಖ್ಯಸ್ಥರ ಹೆಸರೂ ಸೇರಬೇಕಂತೆ. ಏನು ಮಾಡಲಿ?

*

ದುಡ್ಡು ಕಟ್ಟಬೇಡಿ, ಕಾಪಿರೈಟ್ ಫಾರಂಗೆ ಸಹಿ ಹಾಕಬೇಡಿ. ಉಳಿದದ್ದು ಆಮೇಲೆ. ತಜ್ಞರಿಬ್ಬರು ಓದಿ ಅಭಿಪ್ರಾಯ ಬರೆಯುವುದಕ್ಕೇ ವಾರಗಟ್ಟಲೆ ಬೇಕು. ಮೂರು ದಿನದಲ್ಲಿ ಯಾರೂ ಓದಿರುವುದಿಲ್ಲ.

ಇಂಥವರು ಕೆಲವೊಮ್ಮೆ ಹಳೆಯ, ಒಳ್ಳೆಯ ಜರ್ನಲ್‌ನ ಹೆಸರನ್ನೂ ಐಎಸ್‌ಎಸ್‌ಎನ್ ಎಂಬ ಎಂಟು ಸ್ಥಾನದ ಗುರುತು ಸಂಖ್ಯೆಯನ್ನೂ ಕದ್ದು ನಕಲಿ ಜಾಲತಾಣ ಕಟ್ಟಿರುತ್ತಾರೆ. ಸಂಖ್ಯೆಯೇ ಕಟ್ಟುಕತೆಯೋ ಎಂದು ಕಾಗದದ ಮೇಲೇ ನೋಡಬಹುದು. ‘ನೇಚರ್’ ಪತ್ರಿಕೆಯ 0028-0836 ತೆಗೆದುಕೊಳ್ಳಿ. ಮೊದಲ ಏಳು ಅಂಕಿಗಳನ್ನು ಕ್ರಮವಾಗಿ 8, 7, 6, 5, 4, 3, 2ರಿಂದ ಗುಣಿಸಿ ಕೂಡಿದರೆ 82. ಅದನ್ನು 11ರಿಂದ ಭಾಗಿಸಿದರೆ ಶೇಷ 5. 11ರಲ್ಲಿ 5 ಕಳೆದರೆ 6, ಅದೇ ಕೊನೆಯ ಅಂಕಿ. (10 ಬಂದರೆ ಕೊನೆಗೆ X, 11 ಬಂದರೆ 0.) ಲೆಕ್ಕ ತಪ್ಪಿದರೆ ಸಂಖ್ಯೆ ಸುಳ್ಳು. ಸರಿ ಬಂದರೂ ಕದ್ದದ್ದಿರಬಹುದು, ಹಾಗಾಗಿ ಐಎಸ್‌ಎಸ್‌ಎನ್ ಪೋರ್ಟಲ್‌ನಲ್ಲಿ ಹಾಕಿ ಪ್ರಕಾಶಕರು, ದೇಶ, ಜಾಲವಿಳಾಸ ಹೊಂದುತ್ತವೆಯೇ ನೋಡಿ. ನಲವತ್ತು ವರ್ಷದ ಜರ್ನಲ್ ಎಂದು ಹೇಳಿಕೊಳ್ಳುವವರ ಡೊಮೇನ್ (ಜಾಲತಾಣದ ಹೆಸರು) ಹೋದ ವರ್ಷ ನೋಂದಣಿಯಾಗಿದ್ದರೆ ನೋಂದಣಿ ವಿವರ ತೋರಿಸುವ ‘ಹೂ ಈಸ್’ ಹುಡುಕಾಟದಲ್ಲಿ ಗೊತ್ತಾಗುತ್ತದೆ. ಅವರ ಹಳೆಯ ಲೇಖನಗಳ ಡಿಒಐಗಳನ್ನೂ (ಪ್ರತಿ ಲೇಖನಕ್ಕಿರುವ ಶಾಶ್ವತ ಜಾಲಕೊಂಡಿ) ಒತ್ತಿ ನೋಡಿ. ತೆರೆಯದಿದ್ದರೆ ಅಥವಾ ಬೇರೆ ಲೇಖನಕ್ಕೆ ಹೋದರೆ ಅಲ್ಲಿಗೆ ಬಿಡಿ. ಹಿಂಪಡೆದ ಸಂಶೋಧನಾ ಲೇಖನಗಳ ಮೇಲೆ ಕಣ್ಣಿಡುವ ರಿಟ್ರ್ಯಾಕ್ಷನ್ ವಾಚ್‌ನವರು ಇಂಥ ಅಪಹೃತ ಜರ್ನಲ್‌ಗಳ ಪಟ್ಟಿಯನ್ನೇ ಇಟ್ಟಿದ್ದಾರೆ, ಉಚಿತ.

‘ಯುಜಿಸಿ ಕೇರ್ ಅನುಮೋದಿತ’ ಎಂದು ಮಿನುಗುವ ಅಕ್ಷರದಲ್ಲಿ ಹಾಕಿದ್ದರೆ ಮರುಳಾಗಬೇಡಿ. ಒಪ್ಪಿತ ಜರ್ನಲ್‌ಗಳ ಆ ಪಟ್ಟಿಯನ್ನು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2025ರ ಫೆಬ್ರವರಿಯಲ್ಲೇ ಕೈಬಿಟ್ಟಿದೆ. ಇನ್ನೊಂದು ಮಾತು: ಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟವಾಗಿರಲೇಬೇಕು ಎಂಬ ಷರತ್ತು ಯುಜಿಸಿಯ 2022ರ ಪಿಎಚ್.ಡಿ. ನಿಯಮಾವಳಿಯಲ್ಲಿ ಇಲ್ಲ. ನಿಮ್ಮ ವಿಶ್ವವಿದ್ಯಾಲಯದ ನಿಯಮ ಬೇರೆಯಿರಬಹುದು, ಓದಿಕೊಳ್ಳಿ. ಅವಸರಕ್ಕೆ ಕಾರಣವೇ ಇಲ್ಲದಿರಬಹುದು.
— ಗ್ರಂಥಪಾಲಕಿ, ಧಾರವಾಡ

*

ಹಿಂಪಡೆಯುವ ಶುಲ್ಕವನ್ನೂ ಕೊಡಬೇಡಿ. ಸಹಿ ಇಲ್ಲ, ದುಡ್ಡು ಕೊಟ್ಟಿಲ್ಲ ಎಂದಮೇಲೆ ಅವರಿಗೆ ಯಾವ ಹಕ್ಕೂ ಬಂದಿಲ್ಲ. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ, ಅಷ್ಟೆ.

ಆದರೆ ಸುಮ್ಮನೆ ಬಿಟ್ಟು ಬೇರೆ ಕಡೆ ಕಳಿಸಿದರೆ ಸಿಕ್ಕಿಬೀಳುವವರು ನೀವೇ. ಈ ಜನ ಹೇಳದೆ ಕೇಳದೆ ಲೇಖನವನ್ನು ಜಾಲಕ್ಕೆ ಏರಿಸಿಬಿಡುತ್ತಾರೆ. ಎರಡನೆಯ ಜರ್ನಲ್‌ನ ಸಾಮ್ಯ ತಪಾಸಣೆಯಲ್ಲಿ ನಿಮ್ಮದೇ ಲೇಖನ ನೂರಕ್ಕೆ ತೊಂಬತ್ತು ಹೊಂದಿ, ‘ಎರಡು ಕಡೆ ಪ್ರಕಟಣೆ’ ಎಂಬ ಆರೋಪ ಬರುತ್ತದೆ. ಅದಕ್ಕೇ ಇವತ್ತೇ ಮೇಲ್ ಬರೆಯಿರಿ: ಲೇಖನದ ಶೀರ್ಷಿಕೆ, ಸಲ್ಲಿಕೆ ಸಂಖ್ಯೆ, ದಿನಾಂಕ; ‘ಕಾಪಿರೈಟ್ ವರ್ಗಾಯಿಸಿಲ್ಲ, ಶುಲ್ಕ ಕಟ್ಟಿಲ್ಲ, ಎಲ್ಲ ಲೇಖಕರ ಒಪ್ಪಿಗೆಯಿಂದ ಹಿಂಪಡೆಯುತ್ತಿದ್ದೇವೆ, ಪ್ರಕಟಿಸಕೂಡದು’. ಸಹಲೇಖಕರೆಲ್ಲರಿಗೂ ಪ್ರತಿ ಹೋಗಲಿ. ಉತ್ತರ ಬಾರದಿದ್ದರೆ ವಾರ ಬಿಟ್ಟು ಮತ್ತೆ ಕಳಿಸಿ, ಎರಡನ್ನೂ ಪಿಡಿಎಫ್ ಮಾಡಿಟ್ಟುಕೊಳ್ಳಿ. ಹೊಸ ಜರ್ನಲ್‌ಗೆ ಕಳಿಸುವಾಗ ಸಂಪಾದಕರಿಗೆ ಬರೆಯುವ ಪತ್ರದಲ್ಲೇ ವಿಷಯ ತಿಳಿಸಿ, ಈ ಮೇಲ್‌ಗಳನ್ನು ಲಗತ್ತಿಸಿ. ಮುಚ್ಚಿಟ್ಟದ್ದು ಆಮೇಲೆ ಹೊರಬಿದ್ದರಷ್ಟೇ ಕಷ್ಟ.

ಈಗಾಗಲೇ ಯಾರದೋ ಖಾಸಗಿ ಯುಪಿಐಗೆ ಹಣ ಹಾಕಿದ್ದರೆ ಬ್ಯಾಂಕಿಗೂ 1930 ಸೈಬರ್ ಸಹಾಯವಾಣಿಗೂ ಕೂಡಲೇ ತಿಳಿಸಿ. ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟ.
— ಸಂಪಾದಕರು, ಮೈಸೂರು

*

ಮುಖ್ಯಸ್ಥರ ವಿಚಾರಕ್ಕೆ ಯಾರೂ ಬರಲಿಲ್ಲವಲ್ಲ! ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಪ್ರಕಾರ ಲೇಖಕರಾಗಲು ನಾಲ್ಕು ಷರತ್ತು, ನಾಲ್ಕೂ ಬೇಕು: ಯೋಜನೆಯಲ್ಲೋ ದತ್ತಾಂಶದಲ್ಲೋ ಗಣನೀಯ ಪಾಲು, ಬರೆಯುವುದು ಅಥವಾ ತಿದ್ದುವುದು, ಅಂತಿಮ ಪ್ರತಿಗೆ ಒಪ್ಪಿಗೆ, ಕೆಲಸದ ಹೊಣೆ. ಲ್ಯಾಬ್ ಕೊಟ್ಟವರು, ಕಡತಕ್ಕೆ ಸಹಿ ಹಾಕಿದವರು ಕೃತಜ್ಞತೆಯ ಸಾಲಿಗೆ ಸೇರುತ್ತಾರೆ.

‘ಸರ್, ನಿಮ್ಮ ಹೆಸರು ಹಾಕಲಾರೆ’ ಎಂದು ಎದುರು ನಿಂತು ಹೇಳುವುದು ವಿದ್ಯಾರ್ಥಿಗೆ ಆಗದ ಮಾತು. ಫಾರಂ ಮುಂದಿಡಿ. ‘ಕ್ರೆಡಿಟ್’ ಎಂಬ ಪದ್ಧತಿಯಲ್ಲಿ 14 ಪಾತ್ರಗಳಿವೆ. ಅನೇಕ ಜರ್ನಲ್‌ಗಳು ಯಾರು ಯಾವ ಕೆಲಸ ಮಾಡಿದರು ಎಂದು ಬರೆದುಕೊಡಲು ಕೇಳುತ್ತವೆ. ‘ಸರ್, ಜರ್ನಲ್‌ನವರು ಇದನ್ನು ಕೇಳಿದ್ದಾರೆ, ನಿಮ್ಮದು ಯಾವುದು ಬರೆಯಲಿ?’ ಎಂದು ಗೈಡ್ ಮೂಲಕವೇ ಕೇಳಿಸಿ. ಲೇಖನದಲ್ಲಿ ತಪ್ಪು ಸಿಕ್ಕರೆ ಉತ್ತರ ಕೊಡಬೇಕಾದವರಲ್ಲಿ ತಾವೂ ಒಬ್ಬರು ಎಂಬುದನ್ನು ಗೈಡ್ ಆಗಲೇ ಅವರಿಗೆ ತಿಳಿಸಲಿ. ಸಲ್ಲಿಸಿದ ಮೇಲೆ ಹೆಸರು ಸೇರಿಸಬೇಕೆಂದರೆ ಜರ್ನಲ್‌ಗಳು ಸಾಮಾನ್ಯವಾಗಿ ಕಾರಣ ಕೇಳುತ್ತವೆ, ಎಲ್ಲ ಲೇಖಕರ ಲಿಖಿತ ಒಪ್ಪಿಗೆಯನ್ನೂ ಕೇಳುತ್ತವೆ. ಈ ಮಾತುಕತೆ ಮುಂದಿನ ಸಲ್ಲಿಕೆಗೆ ಮೊದಲೇ ಮುಗಿಯಲಿ.
— ಸಂಶೋಧನಾ ಮಾರ್ಗದರ್ಶಕರು, ಮಂಗಳೂರು