ಪೆಟೂನಿಯಾ ಬಾಣಂತನ

ಮೂರ್ತಿ ನಮ್ಮ ಚಪ್ಪಲಿಗಳನ್ನು ಮೆಟ್ಟಿಲ ಬಳಿಯೇ ಬಿಡಿಸಿ, ಕೈಗಳನ್ನು ಸೋಪು ಹಾಕಿ ತೊಳೆಸಿ, ಮಹಡಿಯ ಕೋಣೆಗೆ ಸದ್ದಿಲ್ಲದೆ ಕರೆದೊಯ್ದಾಗ ಅಲ್ಲಿ ಯಾರೋ ಕಾಯಿಲೆ ಬಿದ್ದಿದ್ದಾರೆಂದೇ ನಾವು ಭಾವಿಸಿದೆವು. ಕಿಟಕಿಯ ಪಕ್ಕದ ಮಂಚದ ಮೇಲೆ, ಹಾಸಿದ ಪ್ಲಾಸ್ಟಿಕ್ ಹಾಳೆಯ ನಡುವೆ, ಕೊಕೊಪೀಟ್ ಎಂಬ ತೆಂಗಿನ ನಾರಿನ ಪುಡಿ ತುಂಬಿದ ಒಂದು ಟ್ರೇ ಮಲಗಿತ್ತು. ಅದರ ಮೇಲೆ ಪಾರದರ್ಶಕ ಮುಚ್ಚಳ, ಮುಚ್ಚಳದ ಮೇಲೆ ಒಂದು ಬಿಳಿಯ ಪಂಚೆ, ಪಕ್ಕದಲ್ಲಿ ಉಷ್ಣಮಾಪಕ ಇದ್ದವು.

"ಯಾರಿಗೆ ಹುಷಾರಿಲ್ಲ, ಸರ್?" ಎಂದು ಕಿಟ್ಟಿ ಪಿಸುಗುಟ್ಟಿದನು.

"ಎಲ್ಲರೂ ಚೆನ್ನಾಗಿದ್ದಾರೆ. ಪೆಟೂನಿಯಾ ಹೂವಿನ ಬೀಜ ಬಿತ್ತಿದ್ದೇನೆ. ಇಂದಿಗೆ ಆರು ದಿನ. ಏಳರಿಂದ ಹತ್ತು ದಿನದೊಳಗೆ ಆಗಬೇಕು," ಎಂದನು ಮೂರ್ತಿ.

"ಹಾಗಾದರೆ ತುಂಬುದಿನ ಅನ್ನು," ಎಂದು ಶೇಷಗಿರಿ ಕುರ್ಚಿ ಎಳೆದುಕೊಂಡನು. "ಸೀಮಂತಕ್ಕೆ ನಮ್ಮನ್ನು ಕರೆಯಲೇ ಇಲ್ಲವಲ್ಲಯ್ಯ! ನಮ್ಮಮ್ಮ ಮೆಣಸಿನಕಾಳಿನಂತಹ ಸಂಜೆಮಲ್ಲಿಗೆಯ ಬೀಜವನ್ನು ಬಚ್ಚಲ ನೀರು ಹರಿಯುವ ಕಡೆ ಎಸೆದು ಒಳಗೆ ಹೋದರೆ, ಅದು ಹೂ ಬಿಟ್ಟ ಮೇಲೆಯೇ ತಿರುಗಿ ನೋಡುತ್ತಿದ್ದುದು. ನಮ್ಮ ಏಳು ಮಂದಿಯನ್ನು ಬೆಳೆಸಿದ್ದೂ ಹೆಚ್ಚುಕಡಿಮೆ ಹಾಗೆಯೇ."

ಸಂಜೆಮಲ್ಲಿಗೆಯ ಬೀಜ ಕೈಗೆ ಸಿಗುತ್ತದೆ, ಪೆಟೂನಿಯಾದ್ದು ಉಸಿರು ಬಿಟ್ಟರೆ ಹಾರಿಹೋಗುತ್ತದೆ, ಒಂದು ಗ್ರಾಮಿಗೆ ಸುಮಾರು 10,000 ಬೀಜ ತೂಗುತ್ತವೆ ಎಂದು ಮೂರ್ತಿ ವಿವರಿಸಿದನು. ಅದಕ್ಕೆ ಮೇಲಿನಿಂದ ನೀರು ಸುರಿಯುವಂತಿಲ್ಲ, ಟ್ರೇಯನ್ನೇ ನೀರಿನ ತಟ್ಟೆಯಲ್ಲಿ ಇಟ್ಟು ತಳದಿಂದ ಕುಡಿಸಬೇಕು. ನೀರು ಹೆಚ್ಚಾದರೆ ಎಳೆಯ ಸಸಿ ಬುಡ ಕೊಳೆತು ಒಂದೇ ರಾತ್ರಿಯಲ್ಲಿ ಅಡ್ಡಬೀಳುತ್ತದೆ. ಈಗ ಶ್ರಾವಣದಲ್ಲಿ ಬಿತ್ತಿದರೆ ಜನವರಿಯಲ್ಲಿ, ಲಾಲ್‌ಬಾಗಿನ ಗಣರಾಜ್ಯೋತ್ಸವದ ಪ್ರದರ್ಶನದ ಹೊತ್ತಿಗೆ, ತನ್ನ ಮಹಡಿಯಲ್ಲೂ ಹೂ ತುಂಬಿರುತ್ತದೆಂಬುದು ಅವನ ಲೆಕ್ಕ.

"ತೂಕ ಎಷ್ಟೆಂದು ಹೇಳಿದೆ, ಕುಡಿಸುವ ಕ್ರಮ ಹೇಳಿದೆ. ಇನ್ನು ಹೆಸರು, ನಕ್ಷತ್ರ ಹೇಳಿಬಿಟ್ಟರೆ ಕುಂಡಲಿ ಬರೆಸಿಬಿಡೋಣ," ಎಂದನು ಶೇಷಗಿರಿ.

ಕಿಟ್ಟಿಗೆ ಈ ವಿದೇಶಿ ವ್ಯಾಮೋಹ ಹಿಡಿಸಲಿಲ್ಲ. ಈಚೆಗೆ ಅವನು ಹಾಲಿನಿಂದ ಹಿಡಿದು ಹಗ್ಗದವರೆಗೆ ನಾಟಿಯದನ್ನೇ ಕೊಳ್ಳುತ್ತಾನೆ. "ನಮ್ಮ ಚೆಂಡುಹೂವಿಗೆ ಏನಾಗಿದೆ, ಸರ್? ಅಪ್ಪಟ ನಾಟಿ!" ಎಂದು ಮೇಜು ಕುಟ್ಟಿದನು. ಮೂರ್ತಿ ಹೌಹಾರಿ ಟ್ರೇಯ ಮೇಲೆ ಕೈ ಹಿಡಿದನು.

"ಮೆಲ್ಲಗೆ, ಬಾಣಂತಿ ಕೋಣೆ," ಎಂದನು ಶೇಷಗಿರಿ. "ಚೆಂಡುಹೂವಿನ ತವರು ಮೆಕ್ಸಿಕೋ, ಕಿಟ್ಟಿ. ನಿನ್ನ ಮನೆಯ ಮುಂದಿನ ಜಿನಿಯಾ, ಕಾಸ್ಮಾಸ್ ಕೂಡ ಅದೇ ಊರಿನ ನೆಂಟರು. ಆಯುಧಪೂಜೆಗೆ ನಿನ್ನ ಸ್ಕೂಟರಿನ ಕೊರಳಿಗೆ ಬೀಳುವ ಹಾರದಷ್ಟು ದೂರ ಪ್ರಯಾಣವನ್ನು ಆ ಸ್ಕೂಟರು ಜನ್ಮದಲ್ಲಿ ಮಾಡಿಲ್ಲ."

ಪದ್ಮಕ್ಕ ಇಷ್ಟೂ ಹೊತ್ತು ಸುಮ್ಮನಿದ್ದವರು ಸೆರಗಿನ ಗಂಟು ಬಿಚ್ಚಿ, ತಮ್ಮ ಹಿತ್ತಿಲ ಕರ್ಣಕುಂಡಲದ ಒಂದು ಕಾಯಿಯನ್ನು ಅಂಗೈಯ ಮೇಲಿಟ್ಟು ತೋರಿಸಿದರು. ಉಬ್ಬಿದ ಹೊಟ್ಟೆಯ, ನವಿರು ರೋಮದ ತಿಳಿಹಸಿರು ಕಾಯಿ. ಮೂರ್ತಿ ಮುಚ್ಚಳ ತೆಗೆದು ಟ್ರೇಯೊಳಗೆ ಇಣುಕುತ್ತಿದ್ದ ಗಳಿಗೆಯಲ್ಲಿಯೇ ಕಿಟ್ಟಿ ಅದನ್ನು ಬೆರಳಿನಿಂದ ಮುಟ್ಟಿಬಿಟ್ಟನು. ಕಾಯಿ ಪಟ್ಟೆಂದು ಸಿಡಿದು, ಸಿಪ್ಪೆ ಕಂಬಳಿಹುಳುವಿನಂತೆ ಸುರುಟಿಕೊಂಡಿತು. ಕಂದು ಬೀಜಗಳು ಗೋಡೆಗೆ, ಕನ್ನಡಕಕ್ಕೆ, ಒಂದೆರಡು ನೇರವಾಗಿ ಟ್ರೇಗೆ ಹಾರಿದವು.

"ಹೆರಿಗೆ ಎಂದರೆ ಇದು! ಸೂಲಗಿತ್ತಿಯೂ ಬೇಡ, ಉಷ್ಣಮಾಪಕವೂ ಬೇಡ," ಎಂದನು ಶೇಷಗಿರಿ.

ಬೀಜಗಳನ್ನು ಚಿಮಟದಿಂದ ಆರಿಸುತ್ತ ಮೂರ್ತಿ ಪೊಟ್ಟಣವನ್ನು ನಮ್ಮ ಮುಂದೆ ಹಿಡಿದನು. ಅಮೆರಿಕದಲ್ಲಿರುವ ಮಗಳು ಅಲ್ಲಿಂದಲೇ ಹಣ ಕಟ್ಟಿ ತರಿಸಿಕೊಟ್ಟ ಎಫ್-1 ಹೈಬ್ರಿಡ್, ಎಂದರೆ ಎರಡು ತಳಿಗಳನ್ನು ಕೂಡಿಸಿ ಪಡೆದ ಮೊದಲ ಪೀಳಿಗೆಯ ಬೀಜ, ಅದು. ಇದರಿಂದ ಬೀಜ ಉಳಿಸಿಕೊಂಡರೆ ಮುಂದಿನ ವರ್ಷ ಇದೇ ಹೂ ಬರುತ್ತದೆಂಬ ಭರವಸೆ ಇಲ್ಲ, ಪ್ರತಿವರ್ಷ ಹೊಸದಾಗಿಯೇ ಕೊಳ್ಳಬೇಕು ಎಂದು ಪದ್ಮಕ್ಕ ರಾಗ ಎಳೆದರು. ಬೀಜ ಹಂಚಿದಷ್ಟೂ ಹೆಚ್ಚುತ್ತದೆಂದು ನಂಬಿದ ಅವರಿಗೆ ಅದು ಮೊಮ್ಮಕ್ಕಳನ್ನೇ ಕಾಣದ ಸಂಸಾರದಂತೆ ತೋರಿರಬೇಕು.

"ಆದರೂ ಒಂದು ಮಾತಿದೆ," ಎಂದನು ಶೇಷಗಿರಿ. "1965ರಲ್ಲಿಯೇ ಮನಮೋಹನ ಅತ್ತಾವರರು ಇದೇ ಬೆಂಗಳೂರಿನಲ್ಲಿ ಹೈಬ್ರಿಡ್ ಬೀಜದ ಸಂಸ್ಥೆ ಕಟ್ಟಿ, ಇಲ್ಲಿಂದ ಹೊರದೇಶಗಳಿಗೆ ಹೂವಿನ ಬೀಜ ಕಳಿಸಿದವರು. ನಿನ್ನ ಪೆಟೂನಿಯಾದ ಅಜ್ಜಿ ಇಲ್ಲಿಯವಳೇ ಆಗಿದ್ದು, ಸಮುದ್ರದಾಚೆಗೆ ಮದುವೆಯಾಗಿ ಹೋಗಿದ್ದರೂ ಹೋಗಿರಬಹುದು. ಈಗ ಮೊಮ್ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ, ಬಿಡು."

ನಾವೆಲ್ಲರೂ ನಕ್ಕೆವು. ಕಾಫಿ ತಂದ ಶಾರದಮ್ಮನವರು ಮಾತ್ರ ತಟ್ಟೆಯನ್ನು ಕೆಳಗಿಡಲು ಮರೆತವರಂತೆ ನಿಂತಿದ್ದರು.

"ಅವಳೂ ಬರುವವಳಿದ್ದಳು," ಎಂದರು. "ಹೋದ ವರ್ಷ ಇದೇ ಶ್ರಾವಣದಲ್ಲಿ. ವಿಮಾನ ಹತ್ತಬಾರದೆಂದು ಅಲ್ಲಿಯ ಡಾಕ್ಟರು ಕಡೆಯ ಗಳಿಗೆಯಲ್ಲಿ ಹೇಳಿಬಿಟ್ಟರು. ಅಂಟಿನುಂಡೆಗೆ ಕೊಬ್ಬರಿ ತುರಿದಿಟ್ಟಿದ್ದೆ. ಈ ಮಂಚ ಮಾಡಿಸಿದ್ದೂ ಅವಳಿಗೇ."

ಮೂರ್ತಿ ಕನ್ನಡಕ ಒರೆಸಿಕೊಂಡು, ಕೊನೆಯ ಕರ್ಣಕುಂಡಲದ ಬೀಜವನ್ನು ಬಹಳ ಹೊತ್ತು ಹುಡುಕಿದನು. ಕಾಫಿ ಯಾವಾಗ ಮುಗಿಯಿತೋ ತಿಳಿಯಲಿಲ್ಲ. ಮೊದಲು ಎದ್ದವನು ಶೇಷಗಿರಿ, ಟ್ರೇಯ ಬಳಿ ಬಗ್ಗಿ, ಉಷ್ಣಮಾಪಕ ನೋಡಿ, "ಇಪ್ಪತ್ತೆರಡು ಇದೆ. ಸಾಕೇನಯ್ಯ?" ಎಂದು ಕೇಳಿದನು.

"ಸಾಕು."

"ಮೂರ್ತಿಗಳೇ, ಆ ಪಂಚೆ ತೆಗೆಯಿರಿ," ಎಂದರು ಪದ್ಮಕ್ಕ. "ಪೆಟೂನಿಯಾ ಮೊಳೆಯಲು ಬೆಳಕು ಬೇಕು. ಮಣ್ಣನ್ನೇ ಮುಚ್ಚಬಾರದು ಅನ್ನುತ್ತಾರೆ, ನೀವು ಹೊದಿಕೆ ಹೊದಿಸಿದ್ದೀರಿ."

"ರಾತ್ರಿ ಚಳಿ ಎಂದು..." ಎಂದ ಮೂರ್ತಿ, ಪಂಚೆಯನ್ನು ಮಡಿಸಿ ಮಂಚದ ತಲೆದೆಸೆಯಲ್ಲಿಟ್ಟನು.

ಇಳಿಯುವಾಗ ಕಿಟ್ಟಿ ಎಂದಿನಂತೆ ಮೆಟ್ಟಿಲುಗಳನ್ನು ಎರಡೆರಡಾಗಿ ಧಡಧಡನೆ ಹಾರತೊಡಗಿದನು. ಶೇಷಗಿರಿ ಅವನ ಅಂಗಿ ಹಿಡಿದು ನಿಲ್ಲಿಸಿ, "ಮೆಲ್ಲಗೆ ಇಳಿಯೋ," ಎಂದು ಪಿಸುಗುಟ್ಟಿದನು.