ಬಾಂಬರ್ಗ್ ಕಡೆ ಎರಡು ದಿನ, ಹದಿಮೂರು ಬ್ರೂವರಿ: ಆಗುತ್ತಾ?

ದಾವಣಗೆರೆ ಬೆಣ್ಣೆ:

ಎಲ್ಲರಿಗೂ ನಮಸ್ಕಾರ. ಮ್ಯೂನಿಕ್‌ಗೆ ಬಂದು ಮೂರು ವರ್ಷವಾಯಿತು. ಮೇ ಕೊನೆಗೆ ನಮ್ಮ ಭಾವ ಊರಿಂದ ಬರುತ್ತಿದ್ದಾರೆ. ಬೆಂಗಳೂರಿಗೆ ಹೋದಾಗೆಲ್ಲ ಇಂದಿರಾನಗರದ ಟಾಯ್ಟ್ ಅನ್ನುವ ಬಿಯರ್ ಪಬ್‌ಗೆ ಹೋಗದೆ ವಾಪಸ್ ರೈಲು ಹತ್ತದ ಆಸಾಮಿ. "ಬಾಟಲಿ ಬಿಯರ್ ದಾವಣಗೆರೆಯಲ್ಲೂ ಸಿಗುತ್ತಪ್ಪ, ಅಲ್ಲೇ ಮಾಡಿ ಅಲ್ಲೇ ಕೊಡೋ ಕಡೆ ಕರ್ಕೊಂಡು ಹೋಗು" ಅಂತ ಫೋನಲ್ಲೇ ಹೇಳಿಬಿಟ್ಟಿದ್ದಾರೆ. ಆಫೀಸಲ್ಲಿ ಯಾರನ್ನು ಕೇಳಿದರೂ ಫ್ರಾಂಕೋನಿಯಾಕ್ಕೆ (ಈಗಿನ ಬವೇರಿಯಾದ ಉತ್ತರ ಭಾಗ) ಹೋಗು, ಅದರಲ್ಲೂ ಬಾಂಬರ್ಗ್‌ಗೆ ಹೋಗು ಅನ್ನುತ್ತಾರೆ.

ನನ್ನ ಪ್ಲಾನ್ ಹೀಗಿದೆ. ಶನಿವಾರ ಬೆಳಗ್ಗೆ ಆರಕ್ಕೆ ಬಾಡಿಗೆ ಕಾರಲ್ಲಿ ಹೊರಡುವುದು. ಬಾಂಬರ್ಗ್‌ನಲ್ಲಿ ಶ್ಲೆಂಕೆರ್ಲಾ, ಶ್ಪೆಟ್ಸಿಯಾಲ್, ಫೆಸ್ಲಾ, ಕ್ಲೋಸ್ಟರ್‌ಬ್ರೊಯ್, ಮಾರ್ಸ್, ಕೇಸ್‌ಮಾನ್, ಗ್ರೈಫೆನ್‌ಕ್ಲೌ, ಒಟ್ಟು ಏಳು. ಸಂಜೆ ಫೋರ್ಖ್‌ಹೈಮ್‌ನ ಕೆಲ್ಲರ್‌ವಾಲ್ಡ್ (ಮರದ ನೆರಳಲ್ಲಿ ಕೂತು ಬಿಯರ್ ಕುಡಿಯುವ ಜಾಗ). ಭಾನುವಾರ ಔಫ್‌ಸೆಸ್ ಕಡೆಯ ನಾಲ್ಕು ಬ್ರೂವರಿ, ಬರುವಾಗ ನ್ಯೂರ್ನ್‌ಬರ್ಗ್‌ನಲ್ಲಿ ಆಲ್ಟ್‌ಶ್ಟಾಟ್‌ಹೋಫ್. ಒಟ್ಟು ಹದಿಮೂರು.

ನನ್ನ ಹೆಂಡತಿಯೂ ಬರುತ್ತಾಳೆ. ಅವಳು ಕುಡಿಯುವುದಿಲ್ಲ. ನಾವಿಬ್ಬರೂ ಮೊಟ್ಟೆ ಕೂಡ ತಿನ್ನುವುದಿಲ್ಲ. ಭಾವ ಹೊರಗೆ ಬಂದರೆ ಎಲ್ಲಾ ತಿನ್ನುತ್ತಾರೆ (ನಮ್ಮ ಅಕ್ಕ ಇದನ್ನು ಓದುತ್ತಿಲ್ಲ ಅಂದುಕೊಂಡಿದ್ದೇನೆ). ಬಾಂಬರ್ಗ್‌ನ ಹೊಗೆ ವಾಸನೆಯ ಬಿಯರ್ ಬಗ್ಗೆ ಎಲ್ಲರೂ ಹೇಳುತ್ತಾರೆ, ಈ ಹೊಗೆ ಬಿಯರ್ ನಿಜವಾಗಿ ಚೆನ್ನಾಗಿರುತ್ತಾ, ಇಲ್ಲ ಸುಮ್ನೆ ಹೆಸರಾ? ಊಟಕ್ಕೆ ಏನು ಮಾಡುವುದು? ಪಟ್ಟಿ ಸರಿ ಇದೆಯಾ? ನೇರವಾಗಿ ಹೇಳಿ, ಬೇಜಾರಿಲ್ಲ.

ಎರ್ಲಾಂಗನ್ ಈರಣ್ಣ:

ನೇರವಾಗಿ ಹೇಳು ಅಂದಿರಲ್ಲ, ಹೇಳುತ್ತೇನೆ. ಪಟ್ಟಿ ಹರಿದು ಹಾಕಿ.

ನಾನು ಒಂಬತ್ತು ವರ್ಷದಿಂದ ಇದೇ ಕಡೆ ಇದ್ದೇನೆ. ಊರಿಂದ ಬಂದವರನ್ನೆಲ್ಲ ಬಾಂಬರ್ಗ್‌ಗೆ ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಧರ್ಮಸ್ಥಳ ಟ್ರಿಪ್ ಇದ್ದ ಹಾಗೆ. ಎಲ್ಲರೂ ಮಾಡುವ ತಪ್ಪು ಇದೇ. ಬೆಂಗಳೂರಲ್ಲಿ ಐದಾರು ಪುಟ್ಟ ಲೋಟ ಹಲಗೆ ಮೇಲೆ ಸಾಲಾಗಿ ಇಟ್ಟು ಸ್ಯಾಂಪ್ಲರ್ ಕೊಡುತ್ತಾರಲ್ಲ, ಇಲ್ಲೂ ಹಾಗೇ ರುಚಿ ನೋಡುತ್ತಾ ಹೋಗಬಹುದು ಅಂದುಕೊಳ್ಳುತ್ತಾರೆ. ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ. "ಒಂದು ಬಿಯರ್" ಅಂದರೆ ಅರ್ಧ ಲೀಟರ್. ಇಲ್ಲಿಯವರು ಸೈಡ್ಲಾ ಅನ್ನುತ್ತಾರೆ. ಏಳು ಕಡೆ ಒಂದೊಂದು ಅಂದರೂ ಮೂರೂವರೆ ಲೀಟರ್. ಆಮೇಲೆ ಫೋರ್ಖ್‌ಹೈಮ್ ಬೇರೆ! ನಾಲ್ಕನೆಯದಕ್ಕೆ ನಿಮ್ಮ ಭಾವನಿಗೆ ಯಾವುದು ಏನು ಅಂತ ಗೊತ್ತಾಗುವುದಿಲ್ಲ.

ಕಾರು ಬೇಡವೇ ಬೇಡ. ಇಲ್ಲಿ ಮಿತಿ 0.5 ಪ್ರೊಮಿಲ್, ಅಂದರೆ ರಕ್ತದಲ್ಲಿ ಸಾವಿರಕ್ಕೆ ಅರ್ಧ ಪಾಲು ಆಲ್ಕೋಹಾಲ್. ನೀವು ಓಡಿಸುವವರಾದರೆ ಎರಡು ದಿನ ಸೋಡಾ ಕುಡಿದುಕೊಂಡು ಕೂರಬೇಕು. ಸೈಕಲ್ ಬಾಡಿಗೆಗೆ ತಗೋತೀವಿ ಅಂತ ಕೆಲವರು ಜಾಣತನ ಮಾಡುತ್ತಾರೆ, ಸೈಕಲ್ ಮೇಲೂ 1.6 ದಾಟಿದರೆ ಕೇಸ್, ಓಲಾಡುತ್ತಾ ಹೋಗಿ ಎಲ್ಲಾದರೂ ಗುದ್ದಿದರೆ 0.3ಕ್ಕೇ ತಗಲಿ ಹಾಕಿಕೊಳ್ಳುತ್ತೀರಿ. ಬಾಯೆರ್ನ್ ಟಿಕೆಟ್ ಅನ್ನುವ ರೈಲು ಟಿಕೆಟ್ ತಗೊಳ್ಳಿ. ಒಂದೇ ಟಿಕೆಟ್‌ನಲ್ಲಿ ಐದು ಜನದವರೆಗೆ ಹೋಗಬಹುದು, ಶನಿವಾರ ಭಾನುವಾರ ಬೆಳಗ್ಗೆ ಒಂಬತ್ತರವರೆಗೆ ಕಾಯುವ ರಗಳೆಯೂ ಇಲ್ಲ. ಆದರೆ ಒಂದು ಟಿಕೆಟ್ ಒಂದು ದಿನಕ್ಕೆ, ಹಾಗಾಗಿ ಎರಡು ಬೇಕು. ಐಸಿಇ (ವೇಗದ ರೈಲು) ಹತ್ತುವಂತಿಲ್ಲ, ರೀಜನಲ್ ರೈಲು ಮಾತ್ರ. ನ್ಯೂರ್ನ್‌ಬರ್ಗ್‌ನಲ್ಲಿ ಬದಲಾಯಿಸಿದರೆ ಸುಮಾರು ಮೂರು ಗಂಟೆಯಲ್ಲಿ ಬಾಂಬರ್ಗ್.

ಸ್ಟೇಷನ್‌ನಿಂದ ಹತ್ತು ನಿಮಿಷ ನಡೆದರೆ ಓಬೆರೆ ಕೋನಿಗ್‌ಶ್ಟ್ರಾಸೆ ಅಂತ ಬೀದಿ. ಅಲ್ಲಿ ಶ್ಪೆಟ್ಸಿಯಾಲ್ ಮತ್ತು ಫೆಸ್ಲಾ ಎದುರುಬದುರು ಇವೆ. ಒಂದು 1536ರದ್ದು, ಇನ್ನೊಂದು 1649ರದ್ದು. ಎರಡರಲ್ಲೂ ಮೇಲೆ ರೂಮ್ ಬಾಡಿಗೆಗೆ ಕೊಡುತ್ತಾರೆ, ಈಗಲೇ ಫೋನ್ ಮಾಡಿ ಹಿಡಿಯಿರಿ. ಫೆಸ್ಲಾದಲ್ಲಿ ಸೀದಾ ಒಳಗೆ ಹೋಗಿ ಟೇಬಲ್ ಹಿಡಿಯಬೇಡಿ. ಬಾಗಿಲು ದಾಟಿದ ತಕ್ಷಣ ಒಂದು ಓಣಿಯಂಥ ಜಾಗ, ಪಕ್ಕದಲ್ಲಿ ಕಿಟಕಿ. ಅದಕ್ಕೆ ಶ್ವೆಮ್ ಅಂತ ಹೆಸರು. ಆ ಕಿಟಕಿಯಲ್ಲಿ ದುಡ್ಡು ಕೊಟ್ಟು ಲೋಟ ತಗೊಂಡು ಗೋಡೆಗೆ ಒರಗಿ ನಿಂತು ಕುಡಿಯುವುದು. ನಮ್ಮ ದರ್ಶಿನಿಯಲ್ಲಿ ನಿಂತು ಕಾಫಿ ಕುಡಿಯುವುದಕ್ಕೂ ಇದಕ್ಕೂ ಜಾಸ್ತಿ ವ್ಯತ್ಯಾಸವಿಲ್ಲ. ಪಕ್ಕದಲ್ಲಿ ನಿಂತ ಅಜ್ಜ ತಾನಾಗೇ ಮಾತಿಗೆ ಬರುತ್ತಾನೆ. ನಿಮ್ಮ ಭಾವ ಹುಡುಕುತ್ತಿರುವುದು ಇದನ್ನೇ ಅಂತ ನನಗನ್ನಿಸುತ್ತದೆ.

ಎರಡು ದಿನಕ್ಕೆ ಐದು ಜಾಗ ಸಾಕು. ಆರು ಅಂದರೆ ಜಾಸ್ತಿಯಾಯಿತು. ಹಾಂ, ಕೈಯಲ್ಲಿ ಕ್ಯಾಶ್ ಇರಲಿ, ಸುಮಾರು ಕಡೆ ಕಾರ್ಡ್ ತಗೊಳ್ಳುವುದಿಲ್ಲ.

ಮೊಳಕೆ ಕಾಳು:

ಹೊಗೆ ಬಿಯರ್ ಬಗ್ಗೆ ನಾನು ಹೇಳುತ್ತೇನೆ, ಮನೆಯಲ್ಲೇ ಬಿಯರ್ ಮಾಡುವ ಹುಚ್ಚು ಇದೆ ನನಗೆ.

ನಮ್ಮ ಮನೆಗಳಲ್ಲಿ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಮಾಲ್ಟ್ ಮಾಡುತ್ತಾರಲ್ಲ, ಬಿಯರ್‌ಗೂ ಅದೇ ಕೆಲಸ. ಕಾಳು ಬಾರ್ಲಿ ಅಷ್ಟೇ. ಮೊಳಕೆ ಬಂದ ಬಾರ್ಲಿಯನ್ನು ಒಣಗಿಸಬೇಕು. ಹಿಂದೆ ಎಲ್ಲಾ ಕಡೆ ಕೆಳಗೆ ಸೌದೆ ಉರಿಸಿ ಒಣಗಿಸುತ್ತಿದ್ದರು, ಹಾಗಾಗಿ ಬಿಯರ್‌ಗೆಲ್ಲ ಸ್ವಲ್ಪ ಹೊಗೆ ವಾಸನೆ ಇದ್ದೇ ಇರುತ್ತಿತ್ತು. ಆಮೇಲೆ ಹೊಗೆ ತಾಗದ ಹಾಗೆ ಬರೀ ಬಿಸಿಗಾಳಿ ಬಿಡುವ ಗೂಡು ಬಂತು, ಎಲ್ಲರೂ ಅದಕ್ಕೆ ಹೋದರು. ಬಾಂಬರ್ಗ್‌ನಲ್ಲಿ ಶ್ಲೆಂಕೆರ್ಲಾ ಮತ್ತು ಶ್ಪೆಟ್ಸಿಯಾಲ್ ಮಾತ್ರ ಇವತ್ತಿಗೂ ಬೀಚ್ ಮರದ ಸೌದೆ ಹಾಕಿ ತಮ್ಮ ಮಾಲ್ಟ್ ತಾವೇ ಒಣಗಿಸುತ್ತಾರೆ.

ಶ್ಲೆಂಕೆರ್ಲಾದ ಮೇರ್ಟ್ಸನ್ ಅನ್ನುವ ಬಿಯರ್ ಕಪ್ಪಗೆ, 5.1 ಪರ್ಸೆಂಟ್ ಆಲ್ಕೋಹಾಲ್. ಮರದ ಪೀಪಾಯಿಯಿಂದ ಸೀದಾ ಲೋಟಕ್ಕೆ ಬಿಡುತ್ತಾರೆ, ಗ್ಯಾಸ್ ಒತ್ತಡವಿಲ್ಲ. ಮೊದಲ ಗುಟುಕಿಗೆ ಬೇಕನ್ ನೆಕ್ಕಿದ ಹಾಗೆ ಇರುತ್ತದೆ. ನೀವು ಸಸ್ಯಾಹಾರಿ ಅಂದಿರಿ, ಅದಕ್ಕೇ ಮೊದಲೇ ಹೇಳುತ್ತಿದ್ದೇನೆ, ಗಾಬರಿಯಾಗಬೇಡಿ. ಅದರಲ್ಲಿ ಮಾಂಸದ ಚೂರೂ ಇಲ್ಲ. ಮಾಂಸಕ್ಕೆ ಆ ವಾಸನೆ ಬರುವುದೂ ಸೌದೆ ಹೊಗೆಯಿಂದಲೇ ಅಲ್ವಾ. ನಾನು ಮೊದಲ ಸಲ ಅರ್ಧ ಕುಡಿದು ಇಟ್ಟು ಎದ್ದು ಬಂದಿದ್ದೆ. ಮೂರು ಕುಡಿದರೆ ಒಗ್ಗುತ್ತದೆ ಅಂತ ಅಲ್ಲಿಯವರು ಹೇಳುತ್ತಾರೆ. ವ್ಯಾಪಾರದ ಮಾತು ಅಂತ ನಗಬೇಡಿ, ನನಗೆ ಎರಡನೆಯದಕ್ಕೇ ಒಗ್ಗಿತು.

ಒಂದೇ ಒಂದು ಸಲಹೆ. ಮೊದಲು ಶ್ಪೆಟ್ಸಿಯಾಲ್‌ಗೆ ಹೋಗಿ, ಆಮೇಲೆ ಶ್ಲೆಂಕೆರ್ಲಾ. ಶ್ಪೆಟ್ಸಿಯಾಲ್‌ನ ಲಾಗರ್‌ನಲ್ಲಿ ಹೊಗೆ ತೆಳುವಾಗಿದೆ. ಉಲ್ಟಾ ಮಾಡಿದರೆ ಅದು ಗೊತ್ತೇ ಆಗುವುದಿಲ್ಲ, ಬ್ಯಾಡಗಿ ಮೆಣಸಿನಕಾಯಿ ರುಚಿ ನೋಡುವ ಮೊದಲೇ ಗುಂಟೂರು ಕಚ್ಚಿದ ಹಾಗೆ.

ಸುಮ್ನೆ ಓದೋಳು:

ಯಾವತ್ತೂ ಬರೆಯುವುದಿಲ್ಲ, ಇವತ್ತು ನಿಮ್ಮ ಹೆಂಡತಿ ನೆನಪಾಗಿ ಬರೆಯುತ್ತಿದ್ದೇನೆ. ಕುಡಿಯದವರನ್ನು ಇಂಥ ಟ್ರಿಪ್‌ಗೆ ಎಳೆದುಕೊಂಡು ಹೋಗಿ ಬ್ಯಾಗ್ ಕಾಯಲು ಕೂರಿಸುವುದು ನಮ್ಮ ಗಂಡಸರಿಗೆ ಚೆನ್ನಾಗಿ ಬರುತ್ತದೆ. ಹಾಗೆ ಮಾಡಬೇಡಿ ಅಣ್ಣ.

ಬಾಂಬರ್ಗ್ ಊರೇ ನೋಡುವಂಥದ್ದು. 1993ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ನದಿ ನಡುವೆ ಸೇತುವೆ ಮೇಲೆ ನಿಂತಿರುವ ಹಳೇ ಟೌನ್ ಹಾಲ್, ಗುಡ್ಡದ ಮೇಲೆ ದೊಡ್ಡ ಚರ್ಚು, ಅಲ್ಲಿ ಒಬ್ಬ ಪೋಪ್‌ನ ಸಮಾಧಿ ಕೂಡ ಇದೆ, ಪಕ್ಕದಲ್ಲಿ ಗುಲಾಬಿ ತೋಟ. ನೀವಿಬ್ಬರೂ ಶ್ಲೆಂಕೆರ್ಲಾದಲ್ಲಿ ಕೂತಿರಿ, ಅದು ಚರ್ಚಿನ ಗುಡ್ಡದ ಬುಡದಲ್ಲೇ ಇದೆ, ಅವರು ಆರಾಮಾಗಿ ಮೇಲೆ ಹೋಗಿ ಬರಲಿ.

ಊಟದ ವಿಷಯ ಕಷ್ಟ, ಸುಳ್ಳು ಹೇಳುವುದಿಲ್ಲ. ಮೆನು ತುಂಬ ಹಂದಿ. ಬಾಂಬರ್ಗ್ ಈರುಳ್ಳಿ ಅಂತ ಬರೆದಿರುತ್ತಾರೆ, ಈರುಳ್ಳಿ ತಾನೇ ಅಂತ ಆರ್ಡರ್ ಮಾಡಿಬಿಟ್ಟೀರಿ, ಒಳಗೆ ಖೀಮಾ ತುಂಬಿರುತ್ತಾರೆ. ಕ್ಲೋಸ್ ಅಂತ ಆಲೂಗಡ್ಡೆ ಉಂಡೆ ಕೊಡುತ್ತಾರೆ, ನೋಡಲು ಸಣ್ಣ ಮುದ್ದೆ ಥರ, ಆದರೆ ಸುತ್ತ ಹುಯ್ಯುವ ಸಾರು ಮಾಂಸದ್ದು. ಅದರಲ್ಲೂ ಮೊಟ್ಟೆ ಹಾಕಿರಬಹುದು, ಕೇಳಿ. ಚೀಸ್ ಹಾಕಿದ ಶ್ಪೆಟ್ಸ್ಲೆಯೂ ನಿಮಗಾಗುವುದಿಲ್ಲ, ಆ ಹಿಟ್ಟಿಗೆ ಮೊಟ್ಟೆ ಬೀಳುತ್ತದೆ. ಉಳಿದದ್ದು ಬ್ರೆಡ್ಡು, ಬ್ರೆಜೆಲ್, ಓಬಾಟ್ಸ್‌ಡಾ ಅನ್ನುವ ಚೀಸ್ ಕಲಸು. ಇಲ್ಲಿಯವರು ಅದನ್ನು ಗೆರುಪ್ಫ್ಟರ್ ಅಂತಲೂ ಅನ್ನುತ್ತಾರೆ.

ಆದರೆ ಒಂದು ದಾರಿ ಇದೆ. ಬಯಲಲ್ಲಿ ಮರದ ಕೆಳಗಿರುವ ಕೆಲ್ಲರ್‌ಗಳಲ್ಲಿ ಸಾಮಾನ್ಯವಾಗಿ ನಿಮ್ಮ ಊಟ ನೀವೇ ತಂದು ತಿನ್ನಬಹುದು, ಕುಡಿಯುವುದನ್ನು ಮಾತ್ರ ಅವರ ಹತ್ತಿರ ತಗೊಳ್ಳಬೇಕು. ಮೊದಲು ಒಂದು ಮಾತು ಕೇಳಿಬಿಡಿ. ನಾವು ಫೋರ್ಖ್‌ಹೈಮ್‌ನಲ್ಲಿ ಪುಳಿಯೋಗರೆ, ಮೊಸರನ್ನ, ಸಂಡಿಗೆ ಎಲ್ಲಾ ಬಿಚ್ಚಿ ಕೂತೆವು. ಪಕ್ಕದ ಟೇಬಲ್‌ನ ಹೆಂಗಸು ತನ್ನ ಮೂಲಂಗಿ ಹೋಳಿಗೆ ಉಪ್ಪು ಹಾಕುತ್ತಿದ್ದವಳು ತಿರುಗಿ ನೋಡಿ ಸಂಡಿಗೆ ಕೇಳಿ ತಗೊಂಡಳು. ಆಮೇಲೆ ಅವರ ಗಂಡನಿಗೂ ಬೇಕಾಯಿತು. ಒಂದು ಡಬ್ಬಿ ಖಾಲಿ.

ನಡೆದಾಡಿ:

ಈರಣ್ಣನ ಮಾತು ಒಪ್ಪುತ್ತೇನೆ, ಆದರೆ ಔಫ್‌ಸೆಸ್ ಬಿಡಿ ಅಂದರೆ ಒಪ್ಪುವುದಿಲ್ಲ. ಬಾಂಬರ್ಗ್‌ಗೆ ಯಾವಾಗ ಬೇಕಾದರೂ ಹೋಗಬಹುದು.

ಇಡೀ ಪಂಚಾಯಿತಿಯಲ್ಲಿ ಹೆಚ್ಚೆಂದರೆ 1500 ಜನ, ಬ್ರೂವರಿ ನಾಲ್ಕು. ತಲೆ ಲೆಕ್ಕದಲ್ಲಿ ಜಾಸ್ತಿ ಬ್ರೂವರಿ ಅಂತ ಗಿನ್ನೆಸ್ ದಾಖಲೆ ಮಾಡಿದ ಜಾಗ. ಔಫ್‌ಸೆಸ್‌ನಲ್ಲಿ ರೋಟೆನ್‌ಬಾಖ್, ಸಾಕ್ಸೆನ್‌ಡೋರ್ಫ್‌ನಲ್ಲಿ ಶ್ಟಾಟರ್, ಹೋಖ್‌ಶ್ಟಾಲ್‌ನಲ್ಲಿ ರೈಖೋಲ್ಡ್, ಹೆಕೆನ್‌ಹೋಫ್‌ನಲ್ಲಿ ಕಾಟಿ ಬ್ರೊಯ್. ನಾಲ್ಕನ್ನೂ ಸೇರಿಸಿ ಒಂದು ಕಾಲುದಾರಿ ಇದೆ, ಹೆಚ್ಚೂಕಡಿಮೆ 14 ಕಿಲೋಮೀಟರ್. ಹೊಲ, ಕಾಡು, ಮತ್ತೆ ಹೊಲ, ಅಷ್ಟರಲ್ಲಿ ಬಾಯಾರುತ್ತದೆ, ಮುಂದೆ ಬ್ರೂವರಿ. ನಾಲ್ಕು ಕಡೆಯೂ ಮುದ್ರೆ ಹಾಕಿಸಿಕೊಂಡರೆ ಒಂದು ಸರ್ಟಿಫಿಕೇಟ್ ಕೊಡುತ್ತಾರೆ. ನನ್ನದು ಡಿಗ್ರಿ ಸರ್ಟಿಫಿಕೇಟ್ ಪಕ್ಕದಲ್ಲೇ ಇದೆ.

ತೊಂದರೆ ಎರಡು. ರೈಲು ಇಲ್ಲ, ಹತ್ತಿರದ ಸ್ಟೇಷನ್ ಎಬರ್‌ಮಾನ್‌ಶ್ಟಾಟ್, ಅಲ್ಲಿಂದ ಮುಂದೆ ಬಸ್ಸು ಬಹಳ ಕಡಿಮೆ. ಎರಡನೆಯದು ರೂಹೆಟಾಗ್, ಅಂದರೆ ವಾರದ ರಜೆ. ಒಂದು ಸಲ ನಾನು ಮಂಗಳವಾರ ರಜೆ ಹಾಕಿ ಒಂದು ಹಳ್ಳಿಗೆ (ಇದಲ್ಲ, ಬೇರೆ) ಎರಡು ಬಸ್ ಬದಲಾಯಿಸಿ ಹೋದೆ. ಬಾಗಿಲಿಗೆ ಬೋರ್ಡು. ವಾಪಸ್ ಬಸ್ಸು ಇನ್ನು ನಾಲ್ಕು ಗಂಟೆ ಬಿಟ್ಟು. ಚರ್ಚಿನ ಮೆಟ್ಟಿಲ ಮೇಲೆ ಕೂತು ಬಾಳೆಹಣ್ಣು ತಿಂದು ವಾಪಸ್ ಬಂದೆ. ಅವತ್ತಿನಿಂದ ಫೋನ್ ಮಾಡದೆ ಎಲ್ಲೂ ಹೋಗುವುದಿಲ್ಲ.

ಹಳೇ ಪುರಾಣ:

ಬಾಂಬರ್ಗ್‌ನಲ್ಲಿ ಕೂತು 1516ರ ಬಿಯರ್ ಶುದ್ಧತೆ ಕಾನೂನು ಅಂತ ಬಾಯಿ ತಪ್ಪಿಯೂ ಹೊಗಳಬೇಡಿ. ಅದು ಬವೇರಿಯಾದ್ದು, ಆಗ ಬಾಂಬರ್ಗ್ ಅದರಲ್ಲಿರಲಿಲ್ಲ. ಇವರ ಬಿಷಪ್ 1489ರಲ್ಲೇ ಮಾಲ್ಟ್, ಹಾಪ್ಸ್, ನೀರು ಇಷ್ಟೇ ಅಂತ ಆಜ್ಞೆ ಹೊರಡಿಸಿದ್ದ. ಫ್ರಾಂಕೋನಿಯಾದವರನ್ನು ಬವೇರಿಯಾದವರು ಅಂದರೆ ಧಾರವಾಡದವರನ್ನು ನೀವು ಮೈಸೂರಿನವರಾ ಅಂತ ಕೇಳಿದ ಹಾಗೆ.

ಇನ್ನೊಂದು ಮಾತು. ಇಲ್ಲಿ ಕೆಲ್ಲರ್ ಒಳಗೆ ಹೋಗುವುದಿಲ್ಲ, ಕೆಲ್ಲರ್ *ಮೇಲೆ* ಹೋಗುತ್ತಾರೆ. ಫ್ರಿಜ್ ಇಲ್ಲದ ಕಾಲದಲ್ಲಿ ಬಿಯರ್ ತಂಪಾಗಿರಲಿ ಅಂತ ಗುಡ್ಡ ಕೊರೆದು ನೆಲಮಾಳಿಗೆ ಮಾಡಿದರು, ಮೇಲೆ ಬಿಸಿಲು ಬೀಳದಿರಲಿ ಅಂತ ಮರ ನೆಟ್ಟರು. ಮರದ ನೆರಳಿಗೆ ಬೆಂಚು ಬಂತು. ಬಾಂಬರ್ಗ್‌ನ ಶ್ಪೆಟ್ಸಿಯಾಲ್ ಕೆಲ್ಲರ್‌ನಲ್ಲಿ ಸಂಜೆ ಕೂತರೆ ಊರೆಲ್ಲ ಕೆಳಗೆ ಕಾಣುತ್ತದೆ.

ದಾವಣಗೆರೆ ಬೆಣ್ಣೆ:

ಎಲ್ಲರಿಗೂ ಥ್ಯಾಂಕ್ಸ್, ಪಟ್ಟಿ ಹರಿದೆ. ಕಾರು ಕ್ಯಾನ್ಸಲ್. ಶನಿವಾರ ಶ್ಪೆಟ್ಸಿಯಾಲ್, ಫೆಸ್ಲಾ, ಶ್ಲೆಂಕೆರ್ಲಾ, ಸಂಜೆ ಶ್ಪೆಟ್ಸಿಯಾಲ್ ಕೆಲ್ಲರ್. ಭಾನುವಾರ ಬುತ್ತಿ ಕಟ್ಟಿಕೊಂಡು ಫೋರ್ಖ್‌ಹೈಮ್, ಅಲ್ಲಿಂದ ಸೀದಾ ಮನೆ. ನಡೆದಾಡಿಯವರೇ ಕ್ಷಮಿಸಿ, 14 ಕಿಲೋಮೀಟರ್ ಅಂದಾಗ ಭಾವ ಫೋನಲ್ಲಿ ಸುಮ್ಮನಾಗಿಬಿಟ್ಟರು.

ದಾವಣಗೆರೆ ಬೆಣ್ಣೆ:

ಹೋಗಿ ಬಂದೆವು. ಫೆಸ್ಲಾದ ಓಣಿಯಲ್ಲಿ ಭಾವ ಒಂದೂವರೆ ಗಂಟೆ ನಿಂತರು. ಜರ್ಮನ್ ಒಂದಕ್ಷರ ಬರುವುದಿಲ್ಲ, ಆದರೂ ಒಬ್ಬ ರಿಟೈರ್ಡ್ ರೈಲ್ವೆ ಅಜ್ಜನ ಜೊತೆ ಮೊಮ್ಮಕ್ಕಳ ಫೋಟೋ ತೋರಿಸಿಕೊಂಡು ಮಾತಾಡಿದ್ದೇ ಮಾತಾಡಿದ್ದು. ಶ್ಲೆಂಕೆರ್ಲಾದಲ್ಲಿ ನಾನು ಒಂದಕ್ಕೇ ಸೋತೆ. ಭಾವ ಮೂರು ಮುಗಿಸಿದರು, ಬಿಯರ್ ಇಡುವ ರಟ್ಟಿನ ಮೇಲೆ ಸರ್ವರ್ ಹಾಕಿದ ಮೂರು ಗೀಟು ಸಮೇತ ಆ ರಟ್ಟನ್ನು ಕೇಳಿ ಜೇಬಿಗಿಟ್ಟುಕೊಂಡಿದ್ದಾರೆ. ನನ್ನ ಹೆಂಡತಿ ಲೋಟ ಮೂಗಿನ ಹತ್ತಿರ ಹಿಡಿದು, "ನಮ್ಮಜ್ಜಿ ಮನೆ ಬಚ್ಚಲ ಒಲೆ ವಾಸನೆ, ದೀಪಾವಳಿ ದಿನ ಬೆಳಗ್ಗೆ ಹಂಡೆಗೆ ಉರಿ ಹಾಕ್ತಿದ್ರಲ್ಲ" ಅಂದಳು. ಆಮೇಲೆ ಇನ್ನೆರಡು ಸಲ ಮೂಸಿ ನೋಡಿ ವಾಪಸ್ ಕೊಟ್ಟಳು. ಪುಳಿಯೋಗರೆ ಐಡಿಯಾ ಸೂಪರ್ ಅಕ್ಕ.

ಈಗ ಹೊಸ ತಲೆನೋವು. ಊರಿನ ಸ್ನೇಹಿತರಿಗೆ ತೋರಿಸಬೇಕು ಅಂತ ಭಾವ ಆ ಹೊಗೆ ಬಿಯರ್ ಬಾಟಲಿ ಆರು ತಂದಿಟ್ಟುಕೊಂಡಿದ್ದಾರೆ. ಕಳಿಸಬಹುದಾ?

ಎರ್ಲಾಂಗನ್ ಈರಣ್ಣ:

ಕಸ್ಟಮ್ಸ್‌ನಲ್ಲಿ ಒಬ್ಬರಿಗೆ ಎರಡು ಲೀಟರ್‌ವರೆಗೆ ಸುಂಕವಿಲ್ಲ. ಅರ್ಧ ಲೀಟರ್ ಬಾಟಲಿ ನಾಲ್ಕು ಕಳಿಸಿ, ಎರಡು ನೀವಿಟ್ಟುಕೊಳ್ಳಿ, ಒಗ್ಗಿಸಿಕೊಳ್ಳಲು ಬೇಕಾಗುತ್ತದೆ. ಕೈಚೀಲದಲ್ಲಿ ಬಿಡುವುದಿಲ್ಲ, ದೊಡ್ಡ ಸೂಟ್‌ಕೇಸ್‌ನಲ್ಲಿ ನಡುಮಧ್ಯೆ ಇಡಿ. ಒಂದೊಂದನ್ನೂ ಪ್ಲಾಸ್ಟಿಕ್ ಕವರ್‌ಗೆ ಹಾಕಿ ಪಂಚೆಯಲ್ಲಿ ಸುತ್ತಿ. ಬಾಟಲಿ ಡೆಪಾಸಿಟ್ 8 ಸೆಂಟ್ ಮಾತ್ರ ದಾವಣಗೆರೆಯಲ್ಲಿ ಯಾರೂ ವಾಪಸ್ ಕೊಡುವುದಿಲ್ಲ.